ಬೋಸ್ಕೊ ಕೇಳಿದ ರುಚಿ

ಫುಟ್‌ಬಾಲ್ ಡಿಫೆಂಡರ್ ಬೋಸ್ಕೊನ ಎರಡು ವರ್ಷದ ಒಪ್ಪಂದ ಆ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದರಲ್ಲಿತ್ತು. ಎಲ್ಲ ಕ್ಲಬ್ಬುಗಳ ಅಭಿಮಾನಿಗಳಂತೆ ಆಸ್ಟಿನ್ ಟೌನಿನವರೂ ಆಟಗಾರನ ಸಂಬಳವಾಗಿ, ಒಪ್ಪಂದ ಮುಗಿಯುವ ತನಕ, ತಮ್ಮ ನಾಲಿಗೆಯ ಒಂದು ರುಚಿಯನ್ನು ಬರೆದುಕೊಟ್ಟಿದ್ದರು. ಬೋಸ್ಕೊ ಕೇಳಿದ್ದು ಕಾಫಿಯ ರುಚಿ.

"ಅವನಿಗೀಗ ಮೂವತ್ತಾರು. ಅವನು ತಿರುಗೋದ್ರೊಳಗೆ ಗೋಲ್ ಆಗಿರುತ್ತೆ," ಎಂದ ಸೆಲ್ವರಾಜ, ಮೈದಾನದ ಗೇಟಿನ ಕಾಫಿ ಗಾಡಿಗೆ ಒರಗಿಕೊಂಡು. "ಕೇರಳದವನೊಬ್ಬ ಯಾವ ಕ್ಲಬ್ಬೂ ಇಲ್ದೆ ಫ್ರೀ ಏಜೆಂಟ್ ಆಗಿದಾನೆ. ಬರೀ ಹಾಗಲಕಾಯಿ ರುಚಿ ಸಾಕಂತೆ."

"ಕೊಟ್ಟುಬಿಡೋಣ," ಎಂದ ಗೆಳೆಯ ಮುನಿಕೃಷ್ಣ. "ಎರಡು ವರ್ಷದಿಂದ ಇಲ್ಲಿ ಬಿಸಿನೀರು ಕುಡಿದಂಗೇ ಆಗಿದೆ ಕಣಯ್ಯ."

"ಬೋಸ್ಕೊ ಒಳ್ಳೆ ಆಟಗಾರ, ಇರ್ಲಿ ಬಿಡ್ರಪ್ಪ," ಎಂದಳು ಗಾಡಿಯ ಫಿಲೋಮಿನಮ್ಮ. ಅವಳು ಜನ್ಮದಲ್ಲಿ ಒಂದು ಪಂದ್ಯವನ್ನೂ ನೋಡಿದವಳಲ್ಲ.

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ನಾಲಿಗೆ ಚುರುಗುಟ್ಟಿ, ರುಚಿ ಮರಳಿತು. ಇಬ್ಬರೂ ಕಣ್ಣು ಮುಚ್ಚಿ, ಲೋಟದಿಂದ ಒಂದು ದೊಡ್ಡ ಗುಟುಕು ಕುಡಿದರು.

ಇಬ್ಬರ ಮುಖವೂ ಹಾಗಲಕಾಯಿ ಅಗಿದಂತೆ ಕಿವುಚಿಕೊಂಡಿತು. ಫಿಲೋಮಿನಮ್ಮ ಆ ಕಡೆ ತಿರುಗಿ ಒಲೆ ಒರೆಸತೊಡಗಿದಳು.

"ಡಿಫೆಂಡರ್‌ಗೆ ಮೂವತ್ತಾರು ಏನು ಮಹಾ ವಯಸ್ಸು," ಎಂದ ಸೆಲ್ವರಾಜ, ಲೋಟವನ್ನು ಮೆಲ್ಲಗೆ ಕೆಳಗಿಡುತ್ತ.

"ಐದು ವರ್ಷಕ್ಕೆ ಸೈನ್ ಮಾಡಿಸೋಣ," ಎಂದ ಮುನಿಕೃಷ್ಣ.