ಬೈಲಪ್ಪನ ಹೆಸರಿನ ಉಸಿರು

"ಒಂದ್ ನಿಮಿಷ ನೀವೇ ಹಿಡ್ಕೊಳ್ಳಿ ಮೇಡಂ," ಎಂದು ಸೋಮನಾಥ್ ಉಸಿರು ಪರೀಕ್ಷೆಯ ಯಂತ್ರದ ಎರಡೂ ಲೋಹದ ಹಿಡಿಗಳನ್ನು ಟೆಕ್ನಿಷಿಯನ್ ಲತಾಮಣಿಯತ್ತ ಚಾಚಿದ. ಅಂಗೈಯಿಂದ ಅಂಗೈಗೆ ಎದೆ ಹಾದು ಹರಿದ ಸಣ್ಣ ಕರೆಂಟು ಅವನ ಶ್ವಾಸಕೋಶವನ್ನು ಅಳೆದು, ಪರದೆಯ ಮೇಲೆ ತೀರಾ ತಗ್ಗಿದ ಅಲೆಗಳನ್ನು ಬರೆದಿತ್ತು. "ಈ ರಿಪೋರ್ಟ್ ಹೋದ್ರೆ ಫ್ಯಾಕ್ಟರಿಯಿಂದ ತೆಗೆದುಬಿಡ್ತಾರೆ. ನೀವು ವಯಸ್ಸಲ್ಲಿರೋರು, ಸಖತ್ತಾಗಿ ಬರುತ್ತೆ. ಯಾರಿಗ್ ಗೊತ್ತಾಗುತ್ತೆ?"

ಲತಾಮಣಿಗೆ ಗೊತ್ತಿತ್ತು. ಸುಬ್ರಹ್ಮಣ್ಯಪುರದ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಹಿಂದೆ ವರ್ಷಕ್ಕೊಮ್ಮೆ ತಪಾಸಣೆ ನಡೆದಾಗ, ಕೆಮ್ಮುವ ಕೆಲಸಗಾರರ ಬದಲು ಉಸಿರು ಅಳೆಯುವ ಪೈಪು ಊದುತ್ತಿದ್ದವನು ಇದೇ ಸೂಪರ್‌ವೈಸರ್ ಸೋಮನಾಥ್. "ಸಾರ್ ಒಳ್ಳೇವ್ರು ಕಣೇ, ನನ್ ಕೆಲಸ ಉಳಿಸಿದ್ರು," ಎಂದು ಅಪ್ಪ ಬೈಲಪ್ಪ ಮನೆಗೆ ಬಂದು ನಕ್ಕಿದ್ದ. ಕಲ್ಲಿನ ಧೂಳಿಗೆ ಶ್ವಾಸಕೋಶ ಕೆಟ್ಟು ಸಾಯುವ ಹಿಂದಿನ ತಿಂಗಳೂ ಅಪ್ಪನ ರಿಪೋರ್ಟು 'ನಾರ್ಮಲ್' ಎಂದಿತ್ತು.

ಅವಳು ಹಿಡಿಗಳನ್ನು ತೆಗೆದುಕೊಂಡಳು. ಸೋಮನಾಥ್ ಸಮಾಧಾನದಿಂದ ಕುರ್ಚಿಗೆ ಒರಗಿದ. ಅವಳು ಅವುಗಳನ್ನು ಸ್ಪಿರಿಟ್ ಹತ್ತಿಯಿಂದ ನಿಧಾನವಾಗಿ ಒರೆಸಿ, ಮತ್ತೆ ಅವನ ಅಂಗೈಗಳಲ್ಲೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಗಿಯಾಗಿ ಒತ್ತಿದಳು.

"ನಾನು ಬೈಲಪ್ಪನ ಮಗಳು ಸಾರ್. ಅಪ್ಪನ ಬದ್ಲು ನೀವು ಊದಿದ್ರಿ. ಈಗ ನಿಮ್ ಉಸಿರು ನೀವೇ ಎಳ್ಕೊಳ್ಳಿ."

ಪರದೆಯ ಅಲೆ ಇನ್ನಷ್ಟು ತಗ್ಗಿತು. ಮೇಲೆ ಸೋಮನಾಥ್‌ನ ಹೆಸರೇ ಇರುವುದನ್ನು ಇನ್ನೊಮ್ಮೆ ನೋಡಿಕೊಂಡು, ಅವಳು ಪ್ರಿಂಟ್ ಒತ್ತಿದಳು.