ಗುಡಿಸದ ಮನೆ

ವ್ಯಾಕ್ಯೂಮ್ ಕ್ಲೀನರ್ ಬಿಸಿಯಾದಾಗ ಬರುವ ಧೂಳಿನ ವಾಸನೆ ಮೂಗಿಗೆ ಬಡಿದರೆ, ಇವತ್ತಿಗೂ ನನ್ನ ಕೈ ತಾನಾಗಿ ಸ್ವಿಚ್ ಆರಿಸುತ್ತದೆ.

ಕೊರೊನಾ ಬಂದ ವರ್ಷ ನನಗೆ ಹನ್ನೊಂದು. ನಾವಿದ್ದ ಡಚ್ ಊರು ಡೆಲ್ಫ್ಟ್‌ನಲ್ಲಿ ಹಿಮದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅಪ್ಪ ಉತ್ತರ ಧ್ರುವದ ಹತ್ತಿರ ಹಡಗಿನಲ್ಲಿದ್ದರು. ಬಂದರುಗಳೆಲ್ಲ ಮುಚ್ಚಿ, ಅವರ ಜಾಗಕ್ಕೆ ಬರಬೇಕಾದವರು ಬಂದಿರಲಿಲ್ಲ. ಒಂದು ಭಾನುವಾರ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು, ದೂರದಲ್ಲಿಟ್ಟ ಉಪಕರಣ ನೋಡಲು ಹೋಗಿದ್ದರು. ಹಡಗಿಗೆ ವಾಪಸ್ ಮುಟ್ಟಿ ಹನ್ನೆರಡಕ್ಕೆ ಫೋನ್ ಮಾಡಬೇಕಿತ್ತು. ಮೂರಾದರೂ ಫೋನಿಲ್ಲ.

ಅಮ್ಮ ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ಟುಗಳನ್ನು ಎರಡನೇ ಸಲ ಸೋಪು ಹಾಕಿ ತೊಳೆಯುತ್ತಿದ್ದಳು. ಅವಳಿಗೆ ಖುಷಿಯಾಗಲಿ ಅಂತ ನಾನು ಹಾಲ್ ಪೂರ್ತಿ ವ್ಯಾಕ್ಯೂಮ್ ಮಾಡಿದೆ.

ಅಮ್ಮ ನೊರೆಗೈಯಲ್ಲೇ ಓಡಿಬಂದು ಪ್ಲಗ್ ಕಿತ್ತಳು. "ಹೊರಟವರು ಮುಟ್ಟೋವರೆಗೂ ಮನೆ ಗುಡಿಸಬಾರದು ಅಂತ ಅಜ್ಜಿ ಹೇಳಿಲ್ವಾ?"

ಆಮೇಲೆ ಧೂಳಿನ ಚೀಲ ಬಿಚ್ಚಿ, ಕೂದಲು, ಬಿಸ್ಕತ್ತಿನ ಪುಡಿ, ಬೂದು ಧೂಳು ಎಲ್ಲವನ್ನೂ ನೆಲದ ಮೇಲೆ ಕೊಡವಿದಳು. "ಗುಡಿಸಿಲ್ಲ. ನಾವು ಏನೂ ಗುಡಿಸಿಲ್ಲ" ಎಂದಳು, ನನಗಲ್ಲ. ಇಬ್ಬರೂ ಅದರ ನಡುವೆಯೇ ಕೂತೆವು.

ಐದಕ್ಕೆ ಫೋನ್ ಬಂತು. ಅಮ್ಮ ಸ್ಪೀಕರ್ ಹಾಕಿದಳು.

"ಮಂಜು ಕವಿದು ದಾರಿನೇ ಕಾಣಲಿಲ್ಲ ಕಣೇ. ಅದು ಸರಿದ ಮೇಲೆ ನೀನು ನೋಡಬೇಕಿತ್ತು, ಸೂರ್ಯನ ಸುತ್ತ ಬಳೆ ಥರ ಬೆಳಕು! ಕಣ್ಣು ಹಾಯಿಸಿದಷ್ಟು ದೂರ ಒಂದು ಕಣ ಧೂಳಿಲ್ಲ."

"ಹೌದಾ ರೀ" ಎಂದಳು ಅಮ್ಮ, ನೆಲ ನೋಡುತ್ತಾ.

ಫೋನಿಟ್ಟ ಮೇಲೆ ನಾನು ಮತ್ತೆ ಪ್ಲಗ್ ಹಾಕಲು ಹೋದೆ.

"ಬೇಡ, ಬಿಡು" ಎಂದಳು. "ನಾಳೆ ಮತ್ತೆ ಹೋಗ್ತಾರಂತೆ."