ಬಾಗಿಲಲ್ಲಿ ಹೂಡಿದ ಒಲೆ

ಕಾಗದದ ಕಾರ್ಖಾನೆಯ ಲಾರಿಗಳು ಓಹಾಕಾ ಬೆಟ್ಟದ ಪೈನ್ ಮರಗಳನ್ನು ಹೇರಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಎಪಿಫಾನಿಯಾ ನಡುರಸ್ತೆಯಲ್ಲಿ ಮೂರು ಕಲ್ಲು ಹೂಡಿ, ಒಲೆ ಹೊತ್ತಿಸಿ, ಊರಿನ ಹೆಂಗಸರೊಡನೆ ರೊಟ್ಟಿ ಸುಡುತ್ತ ಕುಳಿತಿದ್ದಳು. ದಾರಿಯಿಲ್ಲದೆ ಲಾರಿಗಳು ಬರಿದಾಗಿ ಹಿಂದಿರುಗಿದವು, ಕಾಡು ಊರಿಗೆ ಉಳಿಯಿತು.

ಇಂದು ಆ ಕಾಡನ್ನು ಕಾಯ್ದುದಕ್ಕಾಗಿ ಸರ್ಕಾರದ ಹಣ ಬಂದಿತ್ತು. ಗ್ರಾಮಸಭೆಯಲ್ಲಿ ಕೈಯೆತ್ತುವ ಹಕ್ಕು ಗಂಡಸರದು. ಅನಂತರ ಅವರಿಗೆ ಉಣಬಡಿಸುವ ಕೆಲಸ ಹೆಂಗಸರದು. ಸಭಾಭವನದ ಅಂಗಳದಲ್ಲಿ ಹಿಟ್ಟು ನಾದುತ್ತಿದ್ದ ಎಪಿಫಾನಿಯಾಳಿಗೆ ತರುಣ ಅಧ್ಯಕ್ಷ ಎಲಾದಿಯೊನ ದನಿ ಕೇಳಿಸಿತು: "ಸಭೆಲಿ ಹಕ್ಕಿರೋರಿಗೆ ಮಾತ್ರ ಪಾಲು. ಒಪ್ಪಿಗೆ ಇರೋರು ಕೈಯೆತ್ರಪ್ಪ." ವಿಧವೆಯರ ಮನೆಗಳಿಗೆ, ಅವಳ ಮನೆಗೂ, ಏನೂ ಇಲ್ಲವೆಂದಾಯಿತು. ನಾದಿದ ಹಿಟ್ಟನ್ನೇ ಮತ್ತೆ ನಾದಿದಳು. ಎದ್ದಳು, ಕುಳಿತಳು, ಮತ್ತೆ ಎದ್ದಳು. ಬಳಿಕ ಗೋಡೆಬದಿಯ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು, ಸಭಾಭವನಕ್ಕಿದ್ದ ಒಂದೇ ಬಾಗಿಲಿನಲ್ಲಿ ಹೂಡಿ, ಕೆಂಡ ಸುರಿದು ಹೆಂಚಿಟ್ಟಳು.

ಹೊಗೆ ಒಳನುಗ್ಗಿತು. "ಅತ್ತೆ, ಇದೇನು ಒಲೆ ಹೂಡೋ ಜಾಗಾನಾ?" ಎಂದು ಬಾಗಿಲ ಬಳಿಯಿದ್ದವನೊಬ್ಬ ಕೆಮ್ಮುತ್ತ ರೇಗಿದ.

"ಅವತ್ತು ಲಾರಿ ಡ್ರೈವರೂ ಹಿಂಗೇ ಕೇಳಿದ್ದ ಕಣೋ. ಪಾಪ, ಹಸಿದಿದ್ದ, ಅವನಿಗೂ ಒಂದು ರೊಟ್ಟಿ ಕೊಟ್ಟೆ" ಎನ್ನುತ್ತ ಅವಳು ಹೆಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು.

ಯಾರೋ ನಕ್ಕರು, ನಗು ಅರ್ಧಕ್ಕೇ ನಿಂತಿತು. ಕೈಗಳನ್ನು ಎಣಿಸುತ್ತಿದ್ದ ಎಲಾದಿಯೊ ಎಣಿಕೆ ಬಿಟ್ಟು ಬಂದು, ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತ.

"ಕೈ ಇಳಿಸ್ರಪ್ಪ" ಎಂದ ಹಿಂದಿರುಗಿ ನೋಡದೆ. "ಅತ್ತೆ, ಆ ರಸ್ತೆ ಕತೆ ಇನ್ನೊಂದ್ಸಲ ಹೇಳು. ಅಲ್ಲಿ ಯಾರ್ಯಾರು ಕೂತಿದ್ರು ಅಂತ, ಎಲ್ಲರ ಹೆಸರೂ ಹೇಳು."